ಪೆನ್‌ಡ್ರೈವ್ ಸೆಟಪ್‌ನೊಳಗೆ ಇನ್ನೊಬ್ಬರ ರನ್‌ಟೈಮ್: ಯಾವುದನ್ನು ಸೇರಿಸಬಹುದು, ಯಾವುದನ್ನು ಸೇರಿಸಬಾರದು

ಮಳೆಗಾಲದಲ್ಲಿ ಕರಾವಳಿಯಲ್ಲಿ ಆನ್‌ಲೈನ್ ಇನ್‌ಸ್ಟಾಲರ್ ನಂಬಿಕೊಂಡು ಗ್ರಾಹಕರ ಕಡೆಗೆ ಹೊರಡುವ ಹಾಗಿಲ್ಲ. ಸುಳ್ಯದ ಸಹಕಾರಿ ಸಂಘದ ಶಾಖೆಯಾಗಲಿ, ಕೊಲ್ಲೂರು ಕಡೆಯ ಅಂಗಡಿಯಾಗಲಿ, ಮರ ಬಿದ್ದು ಕರೆಂಟ್ ಹೋಯಿತೆಂದರೆ ಅದರ ಹಿಂದೆಯೇ ನೆಟ್ ಕೂಡ ಹೋಗುತ್ತದೆ. ಹಾಗಾಗಿ ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಬಿಲ್ಲಿಂಗ್, ಪಿಗ್ಮಿ, ದೇವಸ್ಥಾನದ ಸೇವಾ ರಶೀದಿ, ಗೋಡಂಬಿ ಕಾರ್ಖಾನೆಯ ಸ್ಟಾಕ್ ಇಂಥ ಪ್ಯಾಕೇಜು ಮಾಡುವವರು ಎಲ್ಲವನ್ನೂ ಒಂದೇ ಸೆಟಪ್‌ನಲ್ಲಿ ತುಂಬಿ ಪೆನ್‌ಡ್ರೈವ್‌ನಲ್ಲಿ ಕೊಡುವುದು ಸಹಜ. ಆ ಸೆಟಪ್‌ನೊಳಗೆ ನಮ್ಮ ಎಕ್ಸಿ ಫೈಲ್ 10 ಎಂಬಿ ಇದ್ದರೆ ಇನ್ನೊಬ್ಬರದ್ದು 200 ಎಂಬಿ ಇರುತ್ತದೆ: ವಿಷುವಲ್ ಸಿ++ ರನ್‌ಟೈಮ್, ಡಾಟ್‌ನೆಟ್, ಜಾವಾ, ಡೇಟಾಬೇಸ್ ಸರ್ವರ್, ಪಿಡಿಎಫ್ ಲೈಬ್ರರಿ, ಕನ್ನಡ ಫಾಂಟ್. ರನ್‌ಟೈಮ್ ಎಂದರೆ ನಮ್ಮ ಪ್ರೋಗ್ರಾಮು ಓಡಲು ಕಂಪ್ಯೂಟರಿನಲ್ಲಿ ಇರಲೇಬೇಕಾದ ಇನ್ನೊಬ್ಬರ ಫೈಲುಗಳು.

ಇವೆಲ್ಲ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಆದರೆ ಪುಕ್ಕಟೆ ಇಳಿಸಿಕೊಳ್ಳುವ ಹಕ್ಕು ಬೇರೆ, ಅದನ್ನು ನಾಲ್ಕು ಜನರಿಗೆ ಹಂಚುವ ಹಕ್ಕು ಬೇರೆ. ಗ್ರಾಹಕರೇ ತಯಾರಕರ ತಾಣದಿಂದ ಇಳಿಸಿಕೊಂಡರೆ ಒಪ್ಪಂದ ಅವರಿಬ್ಬರ ನಡುವೆ. ಅದೇ ಫೈಲನ್ನು ನೀವು ಸೆಟಪ್‌ನಲ್ಲಿ ಇಟ್ಟ ಗಳಿಗೆಯಲ್ಲಿ ನೀವು ವಿತರಕರಾಗುತ್ತೀರಿ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಕಲಮಿನ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ಮಾಡುವುದು, ಹಂಚುವುದು ಹಕ್ಕುದಾರರ ಸ್ವತ್ತು. ಲೈಸನ್ಸ್ ಎಷ್ಟು ಬಿಟ್ಟುಕೊಟ್ಟಿದೆಯೋ ಅಷ್ಟು ಮಾತ್ರ ನಮ್ಮದು. ಇನ್ನೊಂದು ಕಲಮು, 63ಬಿ, ಗ್ರಾಹಕರನ್ನೂ ಮುಟ್ಟುತ್ತದೆ. ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ. ನಮ್ಮ ಸೆಟಪ್ ನಂಬಿದ ಸಂಘದ ಕಾರ್ಯದರ್ಶಿಯನ್ನು ಇಂಥ ಪ್ರಶ್ನೆಯ ಹತ್ತಿರಕ್ಕೂ ಒಯ್ಯಬಾರದು.

ಮೊದಲು ವಿಷುವಲ್ ಸಿ++ ರನ್‌ಟೈಮ್

ಅತಿ ಹೆಚ್ಚು ಸೆಟಪ್‌ಗಳಲ್ಲಿ ಇರುವುದು ಇದೇ. ಮೈಕ್ರೋಸಾಫ್ಟ್ ಇದನ್ನು ಹಂಚಲು ಬಿಡುತ್ತದೆ. ಆದರೆ ಆ ಅನುಮತಿ ಬರುವುದು ವಿಷುವಲ್ ಸ್ಟುಡಿಯೋದ, ಅಂದರೆ ಪ್ರೋಗ್ರಾಮು ಕಟ್ಟುವ ಮೈಕ್ರೋಸಾಫ್ಟ್ ಉಪಕರಣದ, ಲೈಸನ್ಸಿನಿಂದ. ನಿಮ್ಮ ಕೈಯಲ್ಲಿ ಸರಿಯಾದ ವಿಷುವಲ್ ಸ್ಟುಡಿಯೋ ಲೈಸನ್ಸ್ ಇರಬೇಕು, ಹಂಚುವ ಫೈಲು ಅದರ ರಿಡಿಸ್ಟ್ ಪಟ್ಟಿಯಲ್ಲಿ, ಅಂದರೆ ಹಂಚಬಹುದಾದ ಫೈಲುಗಳ ಪಟ್ಟಿಯಲ್ಲಿ, ಇರಬೇಕು. ಬಿಲ್ಡ್ ಟೂಲ್ಸ್ (ಅದರ ಕಂಪೈಲರ್ ಭಾಗ) ಮಾತ್ರ ಇಳಿಸಿಕೊಂಡು ಸ್ವಂತದ ಮುಚ್ಚಿದ ಸೋರ್ಸಿನ ಪ್ಯಾಕೇಜು ಕಟ್ಟಿ ಮಾರಿದರೆ ಅದು ಸಾಲದು. ವಿಷುವಲ್ ಸ್ಟುಡಿಯೋದ ಪುಕ್ಕಟೆ ಕಮ್ಯುನಿಟಿ ಆವೃತ್ತಿ ಸಾಕೇ ಎಂದರೆ, ಸಣ್ಣ ಸಂಸ್ಥೆಗೆ ಸಾಕು: ಏಕಕಾಲಕ್ಕೆ 5 ಜನರವರೆಗೆ ಬಳಸಬಹುದು. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ಬಳಕೆದಾರರು, ಇಲ್ಲವೇ ವರ್ಷಕ್ಕೆ 10 ಲಕ್ಷ ಡಾಲರಿಗೆ ಮೀರಿದ ವಹಿವಾಟು ಇರುವ ಸಂಸ್ಥೆ ಅದರಲ್ಲಿ ಮಾರುವ ಪ್ಯಾಕೇಜು ಕಟ್ಟುವ ಹಾಗಿಲ್ಲ.

ಲೈಸನ್ಸಿನೊಳಗಿನ ಷರತ್ತುಗಳನ್ನು ಹೆಚ್ಚಿನವರು ಓದಿರುವುದಿಲ್ಲ. ರನ್‌ಟೈಮಿನ ಮೇಲೆ ನಿಮ್ಮ ಪ್ರೋಗ್ರಾಮು ಗಣನೀಯವಾದ ಸ್ವಂತ ಕೆಲಸ ಮಾಡಬೇಕು. ರನ್‌ಟೈಮನ್ನೇ ಬೇರೆ ಪೊಟ್ಟಣ ಕಟ್ಟಿ ಕೊಡಬಾರದು. ಮೈಕ್ರೋಸಾಫ್ಟ್ ಅಲ್ಲದ ವೇದಿಕೆಯ ಮೇಲೆ ಓಡಿಸಲೆಂದು ಹಂಚಬಾರದು. ನಿಮ್ಮ ಗ್ರಾಹಕರ ಒಪ್ಪಂದದಲ್ಲಿ ಆ ಭಾಗಕ್ಕೂ ಕನಿಷ್ಠ ಅಷ್ಟೇ ರಕ್ಷಣೆ ಕೊಡುವ ಮಾತು ಇರಬೇಕು. ಈ ಕೊನೆಯದು ಬಹುತೇಕ ಕಡೆ ತಪ್ಪಿರುತ್ತದೆ. ಎಲ್ಲಿಂದಲೋ ನಕಲು ಮಾಡಿದ ಒಪ್ಪಂದ ಪುಟದಲ್ಲಿ 'ಈ ಸಾಫ್ಟ್‌ವೇರಿನ ಎಲ್ಲ ಭಾಗಗಳೂ ನಮ್ಮ ಸ್ವತ್ತು' ಎಂದಿರುತ್ತದೆ. ಅದು ಸುಳ್ಳು ಹೇಳಿಕೆ, ತೆಗೆದುಹಾಕಿ. ಅದರ ಜಾಗದಲ್ಲಿ 'ಇದರಲ್ಲಿರುವ ಇತರರ ಭಾಗಗಳಿಗೆ ಆಯಾ ತಯಾರಕರ ಷರತ್ತುಗಳು ಅನ್ವಯಿಸುತ್ತವೆ, ಅವು ಲೈಸನ್ಸ್ ಫೋಲ್ಡರಿನಲ್ಲಿವೆ' ಎಂದು ಬರೆಯಿರಿ.

ಡಿಬಗ್ ಡಿಎಲ್ಎಲ್‌ಗಳನ್ನು, ಅಂದರೆ ಪ್ರೋಗ್ರಾಮು ಬರೆಯುವವರು ತಪ್ಪು ಹುಡುಕಲು ಬಳಸುವ ಲೈಬ್ರರಿ ಫೈಲುಗಳನ್ನು, ಎಂದೂ ಹಂಚಬಾರದು. ಹೆಸರಿನ ಕೊನೆಗೆ ಡಿ ಅಕ್ಷರ ಇರುವವು: ವಿಸಿರನ್‌ಟೈಮ್140ಡಿ, ಎಂಎಸ್‌ವಿಸಿಪಿ140ಡಿ, ಯುಸಿಆರ್‌ಟಿಬೇಸ್‌ಡಿ. ಗ್ರಾಹಕರ ಕಂಪ್ಯೂಟರಿನಲ್ಲಿ ಈ ಹೆಸರಿನ ಡಿಎಲ್ಎಲ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ಅದನ್ನು ನಕಲು ಮಾಡಿ ಹಾಕುವುದು ಪರಿಹಾರವಲ್ಲ. ನೀವು ಡಿಬಗ್ ಬಿಲ್ಡ್ ಕೊಟ್ಟಿದ್ದೀರಿ ಎಂದೇ ಅದರ ಅರ್ಥ. ರಿಲೀಸ್ ಬಿಲ್ಡ್ ಮಾಡಿ ಮತ್ತೆ ಕೊಡಿ.

2015ರಿಂದ 2022ರವರೆಗಿನ ವಿಷುವಲ್ ಸ್ಟುಡಿಯೋಗಳಿಗೆ ಒಂದೇ ರನ್‌ಟೈಮ್ ಸಾಕು. ನಿಯಮ ಇಷ್ಟೇ: ಹಾಕುವ ರನ್‌ಟೈಮ್, ಕಟ್ಟಿದ ಕಂಪೈಲರಿನಷ್ಟೇ ಅಥವಾ ಅದಕ್ಕಿಂತ ಹೊಸದಾಗಿರಬೇಕು. 2017ರ ಹಳೆಯ ರಿಡಿಸ್ಟ್ ಫೈಲನ್ನೇ ಉಳಿಸಿಕೊಂಡು 2022ರಲ್ಲಿ ಕಟ್ಟಿದರೆ 64-ಬಿಟ್‌ನಲ್ಲಿ ವಿಸಿರನ್‌ಟೈಮ್140_1 ಕಾಣೆ ಎಂದು ಬರುತ್ತದೆ. ಆ ಫೈಲು ಬಂದದ್ದೇ 2019ರ ಆವೃತ್ತಿಯೊಂದಿಗೆ. ಆಗ ಡಿಎಲ್ಎಲ್ ಹಂಚುವ ಯಾವುದೋ ತಾಣದಿಂದ ಅದೊಂದನ್ನೇ ತಂದು ಸಿಸ್ಟಮ್32ಕ್ಕೆ ಹಾಕುವವರಿದ್ದಾರೆ. ಅಲ್ಲಿ ಅನುಮತಿಯೂ ಇಲ್ಲ, ವೈರಸ್ ಇಲ್ಲವೆಂಬ ಭರವಸೆಯೂ ಇಲ್ಲ.

ಸೆಟಪ್‌ನಿಂದ ಓಡಿಸುವಾಗ ಇನ್‌ಸ್ಟಾಲ್, ಕ್ವಯಟ್, ನೋರಿಸ್ಟಾರ್ಟ್ ಈ 3 ಸ್ವಿಚ್ ಕೊಡಿ, ಹಿಂದಿರುಗುವ ಕೋಡ್ ಓದಿ. 0 ಎಂದರೆ ಆಯಿತು. 3010 ಎಂದರೆ ಆಯಿತು, ಆದರೆ ರೀಸ್ಟಾರ್ಟ್ ಬೇಕು. 1638 ಎಂದರೆ ಇದಕ್ಕಿಂತ ಹೊಸದು ಈಗಾಗಲೇ ಇದೆ. ಇದನ್ನು ದೋಷವೆಂದು ಹಿಡಿದು ಸೆಟಪ್ ನಿಲ್ಲಿಸಬೇಡಿ. ಸೆಟಪ್ ಕಟ್ಟಲು ಇನ್ನೋ ಸೆಟಪ್ ಎಂಬ ಉಪಕರಣ ಬಳಸುವವರು ಗಮನಿಸಬೇಕಾದದ್ದು: ಅದರ ರನ್ ವಿಭಾಗ ಈ ಕೋಡನ್ನು ತಾನಾಗಿ ನೋಡುವುದಿಲ್ಲ. ರನ್‌ಟೈಮ್ ಬೀಳದಿದ್ದರೂ ಕೊನೆಗೆ 'ಇನ್‌ಸ್ಟಾಲ್ ಯಶಸ್ವಿ' ಎಂದೇ ತೋರಿಸುತ್ತದೆ. ಪ್ರಿಪೇರ್‌ಟುಇನ್‌ಸ್ಟಾಲ್ ಫಂಕ್ಷನ್‌ನಲ್ಲಿ ಎಕ್ಸೆಕ್ ಕರೆದು ಕೋಡ್ ಪರೀಕ್ಷಿಸಿ. 32-ಬಿಟ್ ಪ್ರೋಗ್ರಾಮಿಗೆ 64-ಬಿಟ್ ವಿಂಡೋಸ್‌ನಲ್ಲೂ ಎಕ್ಸ್86 ರನ್‌ಟೈಮೇ ಬೇಕು, ಎಕ್ಸ್64 ಹಾಕಿದರೆ ಉಪಯೋಗವಿಲ್ಲ. ಅನ್‌ಇನ್‌ಸ್ಟಾಲ್ ಮಾಡುವಾಗ ರನ್‌ಟೈಮನ್ನು ತೆಗೆಯಲೇಬೇಡಿ, ಅದೇ ಕಂಪ್ಯೂಟರಿನ ಇನ್ನೊಂದು ಪ್ಯಾಕೇಜು ಅದರ ಮೇಲೆ ನಿಂತಿರಬಹುದು.

ಡಿಎಲ್ಎಲ್‌ಗಳನ್ನು ನಿಮ್ಮ ಎಕ್ಸಿ ಪಕ್ಕದಲ್ಲೇ ಇಡುವುದಕ್ಕೂ ಅನುಮತಿ ಇದೆ. ಅಡ್ಮಿನ್ ಪಾಸ್‌ವರ್ಡ್ ಸಿಗದ ಕಡೆ ಅದು ಅನುಕೂಲ. ಆದರೆ ಅವಕ್ಕೆ ವಿಂಡೋಸ್ ಅಪ್‌ಡೇಟ್ ಮೂಲಕ ಭದ್ರತಾ ತಿದ್ದುಪಡಿ ಬರುವುದಿಲ್ಲ, ಹೊಸ ಸೆಟಪ್ ಕೊಡುವ ಹೊಣೆ ನಿಮ್ಮ ಹೆಗಲಿಗೆ ಬೀಳುತ್ತದೆ. ಸಾಧ್ಯವಿರುವ ಕಡೆಯಲ್ಲೆಲ್ಲ ರಿಡಿಸ್ಟ್ ಇನ್‌ಸ್ಟಾಲರನ್ನೇ ಬಳಸುವುದು ಒಳ್ಳೆಯದು.

ಮೈಕ್ರೋಸಾಫ್ಟಿನದೇ ಇನ್ನೊಂದು ರನ್‌ಟೈಮ್ ಆದ ಡಾಟ್‌ನೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ರೇಮ್‌ವರ್ಕ್ 4.8 ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಈಚೆಗೆ ವಿಂಡೋಸ್ ಜೊತೆಗೇ ಬರುತ್ತದೆ. ರಿಜಿಸ್ಟ್ರಿಯ ರಿಲೀಸ್ ಮೌಲ್ಯ 528040 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮತ್ತೆ ಹಾಕುವ ಅಗತ್ಯವೇ ಇಲ್ಲ. ಹೊಸ ಡಾಟ್‌ನೆಟ್ ಎಂಐಟಿ ಎಂಬ ಸಡಿಲವಾದ ಮುಕ್ತ ಲೈಸನ್ಸಿನದು; ವಿಂಡೋಸ್‌ಗೆ ಬರುವ ಕೆಲವು ಬೈನರಿಗಳಿಗೆ ಮಾತ್ರ ಡಾಟ್‌ನೆಟ್ ಲೈಬ್ರರಿ ಲೈಸನ್ಸ್ ಅನ್ವಯಿಸುತ್ತದೆ. ಎರಡೂ ಪಠ್ಯಗಳನ್ನು ಜೊತೆಗಿಡಿ, ಸಾಕು.

ಜಾವಾ: ಅತಿ ಹೆಚ್ಚು ತಪ್ಪು ಇಲ್ಲೇ

'ಜಾವಾ ಫ್ರೀ ಅಲ್ಲವಾ?' ಎಂದು ಕೇಳುವವರಿಗೆ ಮೊದಲು ಕೇಳಬೇಕಾದ್ದು, ಯಾರ ಜಾವಾ, ಯಾವ ಆವೃತ್ತಿ ಎಂದು. ಒರಾಕಲ್ ಜಾವಾ 8ರ ವಾಣಿಜ್ಯ ಬಳಕೆಗೆ ಪುಕ್ಕಟೆ ಅಪ್‌ಡೇಟ್ 2019ರ ಜನವರಿಗೆ, 8ಯು202ಕ್ಕೆ ಮುಗಿಯಿತು. ಅದೇ ಏಪ್ರಿಲ್‌ನಿಂದ ಲೈಸನ್ಸ್ ಬದಲಾಯಿತು. ಹಾಗಾಗಿ 8ಯು202 ಫೈಲನ್ನು ಇಂದಿಗೂ ಜೋಪಾನ ಮಾಡಿ ಸೆಟಪ್‌ಗೆ ಹಾಕುವವರಿದ್ದಾರೆ. ಅದರ ಹಳೆಯ ಬೈನರಿ ಕೋಡ್ ಲೈಸನ್ಸ್, ರನ್‌ಟೈಮನ್ನು ಬದಲಿಸದೆ ನಿಮ್ಮ ಪ್ರೋಗ್ರಾಮಿನ ಜೊತೆ ಹಂಚಲು ಬಿಡುತ್ತದೆ ನಿಜ. ಆದರೆ ಅದು ಸಾಮಾನ್ಯ ಬಳಕೆಯ ಡೆಸ್ಕ್‌ಟಾಪ್ ಮತ್ತು ಸರ್ವರ್‌ಗೆ ಮಾತ್ರ. ಕಿಯಾಸ್ಕ್‌ಗಳನ್ನು ಹೆಸರು ಹೇಳಿಯೇ ಹೊರಗಿಟ್ಟಿದೆ. ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸುವ ಟಚ್‌ಸ್ಕ್ರೀನ್ ಸೇವಾ ರಶೀದಿ ಯಂತ್ರಕ್ಕೆ ಅದು ಸಲ್ಲದು. ಅಲ್ಲದೆ 2019ರಿಂದ ಈಚೆಗೆ ಸಿಕ್ಕ ಯಾವ ಭದ್ರತಾ ದೋಷವೂ ಅದರಲ್ಲಿ ಮುಚ್ಚಿಲ್ಲ. ದುಡ್ಡಿನ ವ್ಯವಹಾರದ ಕಂಪ್ಯೂಟರಿಗೆ ಅದನ್ನು ಹಾಕುವುದು ಸರಿಯಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಜೆಡಿಕೆ 17ರೊಂದಿಗೆ (ಜೆಡಿಕೆ ಎಂದರೆ ಜಾವಾ ಪ್ರೋಗ್ರಾಮು ಕಟ್ಟುವ, ಓಡಿಸುವ ಪೂರ್ಣ ಕಟ್ಟು) ಒರಾಕಲ್ ಶುಲ್ಕರಹಿತ ಲೈಸನ್ಸ್ ಒಂದನ್ನು ತಂದಿತು, ಎನ್‌ಎಫ್‌ಟಿಸಿ. ವಾಣಿಜ್ಯ ಸಂಸ್ಥೆಯ ಒಳಗಿನ ಬಳಕೆಗೂ ಪುಕ್ಕಟೆ, ಹಂಚಲೂ ಬಹುದು. ಎಲ್ಲರೂ ಇಲ್ಲಿಗೆ ಓದು ನಿಲ್ಲಿಸುತ್ತಾರೆ. ಮುಂದಿನ ವಾಕ್ಯದಲ್ಲಿದೆ ಕುತ್ತು: ಹಂಚುವಾಗ ಯಾವ ಶುಲ್ಕವನ್ನೂ ತೆಗೆದುಕೊಳ್ಳಬಾರದು, ಆ ಜಾವಾ ಸೇರಿಸಿಕೊಂಡ ಉತ್ಪನ್ನಕ್ಕೂ ತೆಗೆದುಕೊಳ್ಳಬಾರದು. ನೀವು ಪ್ಯಾಕೇಜಿಗೆ 15 ಸಾವಿರ ರೂಪಾಯಿ ಬಿಲ್ ಮಾಡುತ್ತೀರಿ ಎಂದಾದರೆ ಒರಾಕಲ್ ಜೆಡಿಕೆಯನ್ನು ಅದರೊಳಗೆ ಇಡುವ ಹಾಗಿಲ್ಲ. ಮೇಲಾಗಿ ಈ ಪುಕ್ಕಟೆಗೂ ಅವಧಿ ಇದೆ: ಜೆಡಿಕೆ 17ಕ್ಕೆ 2024ರ ಸೆಪ್ಟೆಂಬರ್ ನಂತರ ಬಂದ ಅಪ್‌ಡೇಟ್‌ಗಳು ಈ ಲೈಸನ್ಸಿನಲ್ಲಿಲ್ಲ. 2023ರ ಜನವರಿಯಿಂದ ಒರಾಕಲ್ ಜಾವಾ ಚಂದಾದ ಲೆಕ್ಕ ಸಂಸ್ಥೆಯ ಒಟ್ಟು ನೌಕರರ ತಲೆಯ ಮೇಲೆ, ಜಾವಾ ಮುಟ್ಟದವರನ್ನೂ ಸೇರಿಸಿ. ನಿಮ್ಮ ಸೆಟಪ್‌ನಿಂದಾಗಿ 300 ನೌಕರರ ಗ್ರಾಹಕ ಸಂಸ್ಥೆಗೆ ಅಂಥ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರು ನೀವು.

ದಾರಿ ಸುಲಭವಿದೆ. ಓಪನ್‌ಜೆಡಿಕೆ ಬಿಲ್ಡ್‌ಗಳನ್ನು, ಅಂದರೆ ಮುಕ್ತ ಸೋರ್ಸಿನ ಜಾವಾವನ್ನು, ಬಳಸಿ: ಎಕ್ಲಿಪ್ಸ್ ಟೆಮುರಿನ್, ಅಮೆಜಾನ್ ಕೊರೆಟ್ಟೊ, ಮೈಕ್ರೋಸಾಫ್ಟ್ ಬಿಲ್ಡ್, ಅಜುಲ್ ಜುಲು, ಯಾವುದಾದರೂ ಸರಿ. ಇವು ಜಿಪಿಎಲ್ 2ನೇ ಆವೃತ್ತಿ, ಜೊತೆಗೆ ಕ್ಲಾಸ್‌ಪಾತ್ ವಿನಾಯಿತಿ. ಜಿಪಿಎಲ್ ಎಂದರೆ ಹಂಚಿದವರು ಸೋರ್ಸನ್ನೂ ಅದೇ ಲೈಸನ್ಸಿನಲ್ಲಿ ಕೊಡಬೇಕೆನ್ನುವ ಮುಕ್ತ ಲೈಸನ್ಸ್. ವಿನಾಯಿತಿ ಇರುವುದರಿಂದ ನಿಮ್ಮ ಪ್ರೋಗ್ರಾಮಿನ ಸೋರ್ಸ್ ತೆರೆಯಬೇಕಿಲ್ಲ, ಬೆಲೆಗೂ ಅಡ್ಡಿಯಿಲ್ಲ. ಆದರೆ ರನ್‌ಟೈಮ್ ಜಿಪಿಎಲ್ ಆಗಿಯೇ ಉಳಿಯುತ್ತದೆ. ಅದರ ಸೋರ್ಸ್ ಕೇಳಿದವರಿಗೆ ಕೊಡುವ ಬಾಧ್ಯತೆ ಹಂಚಿದವರದು. ಡೌನ್‌ಲೋಡ್ ಆಗಿ ಕೊಡುವುದಾದರೆ ಸೋರ್ಸನ್ನೂ ಅದೇ ಜಾಗದಲ್ಲಿ ಸಿಗುವ ಹಾಗೆ ಮಾಡಿದರೆ ಆಯಿತು. ಪೆನ್‌ಡ್ರೈವ್‌ನಲ್ಲಿ ಕೊಡುವಾಗ ಅದೇ ಆವೃತ್ತಿಯ ಸೋರ್ಸ್ ಕಟ್ಟನ್ನು ಅದರಲ್ಲೇ ಇನ್ನೊಂದು ಫೋಲ್ಡರಿನಲ್ಲಿ ಹಾಕಿಬಿಡಿ. ಇಲ್ಲವಾದರೆ ಕನಿಷ್ಠ 3 ವರ್ಷ ಚಾಲ್ತಿಯಲ್ಲಿರುವ ಲಿಖಿತ ಭರವಸೆ ಕೊಡಬೇಕಾಗುತ್ತದೆ, ಅದನ್ನು ನೆನಪಿಟ್ಟು ನಡೆಸಿಕೊಳ್ಳುವುದು ಪೆನ್‌ಡ್ರೈವ್‌ಗೆ ತುಂಬುವುದಕ್ಕಿಂತ ಕಷ್ಟ.

ಜಾವಾದ ಜೆಲಿಂಕ್ ಉಪಕರಣದಿಂದ ರನ್‌ಟೈಮ್ ಸಣ್ಣದು ಮಾಡುವಾಗ ಲೀಗಲ್ ಎಂಬ ಫೋಲ್ಡರ್ ಉಳಿದಿರಲಿ. ಜಾಗ ಉಳಿಸಲು ಮೊದಲು ಅಳಿಸುವುದು ಅದನ್ನೇ, ಉಳಿಯುವ ಜಾಗವೋ ಅತ್ಯಲ್ಪ, ಹೋಗುವುದು ಹಂಚುವ ಹಕ್ಕಿನ ಆಧಾರ. ಲೈಸನ್ಸಿಗೆ ಸೇರದ, ಆದರೆ ಇಲ್ಲೇ ಹೇಳಬೇಕಾದ ಇನ್ನೆರಡು ಸಂಗತಿ. ಜೆಡಿಕೆ.ಲೋಕೇಲ್‌ಡೇಟಾ ಮಾಡ್ಯೂಲ್ ಬಿಟ್ಟುಹೋದರೆ ಕನ್ನಡದ ತಿಂಗಳು, ವಾರದ ಹೆಸರುಗಳು ಹೋಗಿ ಇಂಗ್ಲಿಷ್ ಬರುತ್ತದೆ. ಜೆಡಿಕೆ 17, 21ರಲ್ಲಿ ಜೆಡಿಕೆ.ಕ್ರಿಪ್ಟೋ.ಇಸಿ ಬಿಟ್ಟರೆ ಅನೇಕ ಎಚ್‌ಟಿಟಿಪಿಎಸ್ ಸಂಪರ್ಕಗಳು ಕೈಕೊಡುತ್ತವೆ. ಬೇಕಾದ ಮಾಡ್ಯೂಲ್‌ಗಳನ್ನು ಪಟ್ಟಿ ಮಾಡುವ ಜೆಡೆಪ್ಸ್ ಈ ಎರಡನ್ನೂ ತಾನಾಗಿ ಹೇಳುವುದಿಲ್ಲ, ನೀವೇ ಸೇರಿಸಬೇಕು.

ಡೇಟಾಬೇಸ್, ಮತ್ತು ಅದರ ಕನೆಕ್ಟರ್

ಮೈಎಸ್‌ಕ್ಯೂಎಲ್ ಕಮ್ಯುನಿಟಿ ಸರ್ವರ್ ಜಿಪಿಎಲ್ 2. ಒಂದೇ ಪೆನ್‌ಡ್ರೈವ್‌ನಲ್ಲಿ ಬೇರೆ ಪ್ರೋಗ್ರಾಮಾಗಿ ಇದ್ದ ಮಾತ್ರಕ್ಕೆ ನಿಮ್ಮದೂ ಜಿಪಿಎಲ್ ಆಗುವುದಿಲ್ಲ. ತೊಡಕು ಇರುವುದು ನಿಮ್ಮ ಪ್ರೋಗ್ರಾಮಿನೊಳಗೆ ಹೊಕ್ಕ ಕನೆಕ್ಟರಿನಲ್ಲಿ, ಅಂದರೆ ಡೇಟಾಬೇಸ್ ಜೊತೆ ಮಾತಾಡಿಸುವ ಲೈಬ್ರರಿಯಲ್ಲಿ. ಅದೂ ಜಿಪಿಎಲ್, ಅದರ ವಿನಾಯಿತಿ ಮುಕ್ತ ತಂತ್ರಾಂಶಗಳಿಗೆ ಮಾತ್ರ. ಮುಚ್ಚಿದ ಪ್ಯಾಕೇಜಿನ ಜೊತೆ ಹಂಚುವವರಿಗೆಂದೇ ಒರಾಕಲ್ ಬೇರೆ ಲೈಸನ್ಸ್ ಮಾರುತ್ತದೆ. ಹೊಸದಾಗಿ ಬರೆಯುವವರಿಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಹೇಳುತ್ತೇನೆ: ಹಕ್ಕುಸ್ವಾಮ್ಯದ ಸೂಚನೆ ಮತ್ತು ಲೈಸನ್ಸಿನ ಪಠ್ಯ ಇಟ್ಟರೆ ಮುಗಿಯಿತು. ಒಂದೇ ಕಂಪ್ಯೂಟರಿನ ಅಂಗಡಿಗೆ ಎಸ್‌ಕ್ಯೂಲೈಟ್ ಧಾರಾಳ ಸಾಕು, ಅದು ಸಾರ್ವಜನಿಕ ಸ್ವತ್ತು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರನ್ನು ಪುಕ್ಕಟೆ ಬಳಸುವವರು ಎಕ್ಸ್‌ಪ್ರೆಸ್ ಆವೃತ್ತಿಯಲ್ಲೇ ಇರಬೇಕು. 2022ರ ಆವೃತ್ತಿಯವರೆಗೆ ಅದರಲ್ಲಿ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ ಇದೆ; ಡೆವಲಪರ್ ಆವೃತ್ತಿ ಹಾಕಿ ಆ ಮಿತಿ ದಾಟಿಸುವುದು ನೇರ ಉಲ್ಲಂಘನೆ. ಡೆವಲಪರ್ ಆವೃತ್ತಿ ನಿತ್ಯದ ವಹಿವಾಟಿಗೆ ಅಲ್ಲವೇ ಅಲ್ಲ.

ರಶೀದಿಯ ಪಿಡಿಎಫ್

ಇದು ಕಣ್ಣಿಗೆ ಬೀಳದ ಗುಂಡಿ. ಡಾಟ್‌ನೆಟ್ ಲೈಬ್ರರಿಗಳ ಭಂಡಾರವಾದ ನ್ಯೂಗೆಟ್‌ನಲ್ಲಿ ಒಂದು ಕ್ಲಿಕ್, ಪಿಡಿಎಫ್ ಮಾಡುವ ಐಟೆಕ್ಸ್ಟ್‌ಶಾರ್ಪ್ ಬಂತು, ರಶೀದಿ ಮೂಡಿತು. ಆದರೆ ಅದರ ಮೂಲವಾದ ಐಟೆಕ್ಸ್ಟ್ 5ನೇ ಆವೃತ್ತಿಯಿಂದ ಎಜಿಪಿಎಲ್, ಅಂದರೆ ಜಿಪಿಎಲ್‌ಗಿಂತ ಬಿಗಿಯಾದ ಲೈಸನ್ಸ್. ಮುಚ್ಚಿದ ಪ್ಯಾಕೇಜಿನೊಳಗೆ ಅದನ್ನು ಇಟ್ಟು ಮಾರಬೇಕಾದರೆ ಒಂದೋ ನಿಮ್ಮ ಸೋರ್ಸನ್ನು ಅದೇ ಲೈಸನ್ಸಿನಲ್ಲಿ ಬಿಟ್ಟುಕೊಡಬೇಕು, ಇಲ್ಲವೋ ವಾಣಿಜ್ಯ ಲೈಸನ್ಸ್ ಕೊಳ್ಳಬೇಕು. ಘೋಸ್ಟ್‌ಸ್ಕ್ರಿಪ್ಟ್ ಕೂಡ ಎಜಿಪಿಎಲ್ ಲೈಸನ್ಸಿನದೇ. ಪಿಡಿಎಫ್‌ಶಾರ್ಪ್ ಎಂಐಟಿ ಲೈಸನ್ಸಿನದು, ಹಂಚಲು ಅಡ್ಡಿಯಿಲ್ಲ, ಆದರೆ ಕನ್ನಡದ ಒತ್ತಕ್ಷರ ಜೋಡಣೆ ಅದಕ್ಕೆ ಬಾರದು. 'ಶ್ರೀ', 'ಕೃಷ್ಣ' ಬಿಡಿಬಿಡಿಯಾಗಿ ಬೀಳುತ್ತವೆ. ಉಡುಪಿಯ ಸೇವಾ ರಶೀದಿಯಲ್ಲಿ ಅದು ಒಪ್ಪುವ ಮಾತಲ್ಲ.

ಕನ್ನಡ ಬೇಕಾದವರಿಗೆ ವೆಬ್‌ವ್ಯೂ2, ಅಂದರೆ ಪ್ರೋಗ್ರಾಮಿನೊಳಗೆ ವೆಬ್ ಪುಟ ತೋರಿಸುವ ಮೈಕ್ರೋಸಾಫ್ಟ್ ರನ್‌ಟೈಮ್, ಒಳ್ಳೆಯ ದಾರಿ. ರಶೀದಿಯನ್ನು ಎಚ್‌ಟಿಎಂಎಲ್ ಮಾಡಿ ಅದರ ಪ್ರಿಂಟ್‌ಟುಪಿಡಿಎಫ್ ಕರೆದರೆ ಕ್ರೋಮಿಯಂ ಎಂಜಿನ್ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ವಿಂಡೋಸ್ 11ರಲ್ಲಿ ಅದು ಮೊದಲೇ ಇದೆ. ಇಲ್ಲದ ಕಡೆಗೆ ಎವರ್‌ಗ್ರೀನ್ ಸ್ಟ್ಯಾಂಡ್‌ಅಲೋನ್ ಇನ್‌ಸ್ಟಾಲರನ್ನು ಸೆಟಪ್‌ನಲ್ಲಿ ಇಡಿ. ಸುಮಾರು 2 ಎಂಬಿಯ ಬೂಟ್‌ಸ್ಟ್ರ್ಯಾಪರ್ ಇಡಬೇಡಿ, ಅದು ನೆಟ್ ಕೇಳುತ್ತದೆ, ಮಳೆಗಾಲದಲ್ಲಿ ಅಲ್ಲೇ ನಿಲ್ಲುತ್ತದೆ.

ಫಾಂಟ್ ವಿಷಯವೂ ಇದರ ಜೊತೆಗೇ ಬರುತ್ತದೆ. ತುಂಗಾ, ನಿರ್ಮಲಾ ಯುಐ ವಿಂಡೋಸ್ ಜೊತೆ ಬರುವ ಫಾಂಟ್‌ಗಳು. ನಿಮ್ಮ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಎತ್ತಿ ಸೆಟಪ್‌ಗೆ ಹಾಕಲು ವಿಂಡೋಸ್ ಲೈಸನ್ಸ್ ಬಿಡುವುದಿಲ್ಲ. ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ ಇವು ಓಪನ್ ಫಾಂಟ್ ಲೈಸನ್ಸಿನವು. ಸಾಫ್ಟ್‌ವೇರಿನ ಜೊತೆ ಹಂಚಬಹುದು, ಆ ಸಾಫ್ಟ್‌ವೇರನ್ನು ಮಾರಲೂಬಹುದು. ಫಾಂಟನ್ನೇ ಬಿಡಿಯಾಗಿ ಮಾರಬಾರದು, ಲೈಸನ್ಸ್ ಪಠ್ಯ ಜೊತೆಗಿರಬೇಕು, ತಿದ್ದಿದರೆ ಮೀಸಲಿಟ್ಟ ಹೆಸರನ್ನು ಬಳಸಬಾರದು. 2024ರಲ್ಲಿ ಯೂನಿಕೋಡ್ 16ಕ್ಕೆ ತುಳು-ತಿಗಳಾರಿ ಲಿಪಿ ಸೇರಿದ ಮೇಲೆ ತುಳು ಫಾಂಟನ್ನೂ ಸೇರಿಸಿ ಕೊಡಿ ಎನ್ನುವವರು ಬಂದೇ ಬರುತ್ತಾರೆ. ಸೇರಿಸುವುದು ಸಂತೋಷದ ಕೆಲಸವೇ. ಆ ಫಾಂಟಿನ ಲೈಸನ್ಸ್ ಯಾವುದೆಂದು ಮೊದಲು ತೆರೆದು ನೋಡಿ.

ಕ್ಯೂಟಿ ಮತ್ತು ಎಫ್‌ಎಫ್‌ಎಂಪೆಗ್

ಪ್ರೋಗ್ರಾಮಿನ ಪರದೆ ಕಟ್ಟುವ ಲೈಬ್ರರಿಯಾದ ಕ್ಯೂಟಿಯ ಮುಖ್ಯ ಭಾಗಗಳು ಎಲ್‌ಜಿಪಿಎಲ್ 3, ಅಂದರೆ ಜಿಪಿಎಲ್‌ಗಿಂತ ಸಡಿಲವಾದ ಲೈಸನ್ಸ್. ಅದರ ಡಿಎಲ್ಎಲ್‌ಗಳನ್ನು ಬಿಡಿಯಾಗಿಯೇ ಇಡಿ, ಬಳಕೆದಾರರು ಅವನ್ನು ಬದಲಿಸಿ ಓಡಿಸಲು ಆಗಬೇಕು. 'ರಿವರ್ಸ್ ಎಂಜಿನಿಯರಿಂಗ್ ಸಂಪೂರ್ಣ ನಿಷಿದ್ಧ' ಎಂದು ನಿಮ್ಮ ಒಪ್ಪಂದದಲ್ಲಿದ್ದರೆ ಅದು ಎಲ್‌ಜಿಪಿಎಲ್‌ಗೆ ವಿರುದ್ಧ, ಆ ಭಾಗಗಳಿಗೆ ವಿನಾಯಿತಿ ಬರೆಯಿರಿ. ಆದರೆ ಕ್ಯೂಟಿ ಚಾರ್ಟ್ಸ್, ವರ್ಚುವಲ್ ಕೀಬೋರ್ಡ್‌ನಂಥ ಕೆಲವು ಭಾಗಗಳು ಜಿಪಿಎಲ್ 3 ಅಥವಾ ವಾಣಿಜ್ಯ ಲೈಸನ್ಸ್. ಬೇಕಾದ ಡಿಎಲ್ಎಲ್‌ಗಳನ್ನು ಒಟ್ಟುಮಾಡುವ ವಿಂಡಿಪ್ಲಾಯ್‌ಕ್ಯೂಟಿ ಯಾವ ಎಚ್ಚರಿಕೆಯನ್ನೂ ಕೊಡದೆ ಅವನ್ನು ಫೋಲ್ಡರಿಗೆ ತುಂಬುತ್ತದೆ. ಪೈಥಾನ್‌ನಲ್ಲಿ ಬರೆಯುವವರಿಗೆ ಪೈಕ್ಯೂಟಿ ಜಿಪಿಎಲ್, ಪೈಸೈಡ್6 ಎಲ್‌ಜಿಪಿಎಲ್. ಎರಡರಲ್ಲೂ ಕೋಡ್ ಹೆಚ್ಚುಕಡಿಮೆ ಒಂದೇ, ಹಾಗಾಗಿ ಬದಲಿಸಿಕೊಳ್ಳುವುದು ಒಂದೆರಡು ದಿನದ ಕೆಲಸ.

ಯಕ್ಷಗಾನ, ತಾಳಮದ್ದಲೆಯ ಧ್ವನಿಮುದ್ರಣ ಕತ್ತರಿಸುವ ಸಣ್ಣ ಉಪಕರಣದಲ್ಲೂ ಧ್ವನಿ, ವಿಡಿಯೋ ಪರಿವರ್ತಿಸುವ ಎಫ್‌ಎಫ್‌ಎಂಪೆಗ್ ಇರುತ್ತದೆ. ಅದು ಮೂಲತಃ ಎಲ್‌ಜಿಪಿಎಲ್. ಕಟ್ಟುವಾಗ ಎನೇಬಲ್-ಜಿಪಿಎಲ್ ಕೊಟ್ಟಿದ್ದರೆ ಪೂರ್ತಿ ಜಿಪಿಎಲ್ ಆಗುತ್ತದೆ, ಎನೇಬಲ್-ನಾನ್‌ಫ್ರೀ ಕೊಟ್ಟಿದ್ದರೆ ಹಂಚುವಂತೆಯೇ ಇಲ್ಲ. ಯಾವುದೆಂದು ತಿಳಿಯಲು ಆ ಎಕ್ಸಿ ಓಡಿಸಿದರೆ ಸಾಕು, ಮೊದಲ ಸಾಲುಗಳಲ್ಲೇ ಕಾನ್ಫಿಗರೇಷನ್ ತೋರಿಸುತ್ತದೆ.

ಬಿಲ್ಡ್ ಫೋಲ್ಡರಿನಲ್ಲಿ ಇರಬೇಕಾದದ್ದು

ಸೆಟಪ್‌ಗೆ ಸೇರಿಸುವ ಪ್ರತಿಯೊಂದಕ್ಕೂ ಒಂದು ಫೋಲ್ಡರ್ ಮಾಡಿ. ಇಳಿಸಿದ ಫೈಲು ಇದ್ದ ಹಾಗೆಯೇ, ಅದರ ಎಸ್‌ಎಚ್‌ಎ-256 ಮೊತ್ತ (ಫೈಲು ಬದಲಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆ), ಆವೃತ್ತಿ ಸಂಖ್ಯೆ, ಇಳಿಸಿದ ತಾರೀಕು, ವಿಳಾಸ, ಮತ್ತು ಆ ದಿನ ಇದ್ದ ಲೈಸನ್ಸಿನ ಪೂರ್ಣ ಪಠ್ಯ. ಲಿಂಕ್ ಮಾತ್ರ ಇಟ್ಟುಕೊಂಡರೆ ಆಗದು. ಲೈಸನ್ಸ್ ಪುಟಗಳು ಬದಲಾಗುತ್ತವೆ, ಜಾವಾದ್ದೇ ಸಾಕ್ಷಿ. ಫೈಲಿನ ಡಿಜಿಟಲ್ ಸಹಿ ತಯಾರಕರದ್ದೇ ಎಂದು ಪ್ರಾಪರ್ಟೀಸ್‌ನಲ್ಲಿ ನೋಡಿಕೊಳ್ಳಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2024ರ ಅಕ್ಟೋಬರ್‌ನಲ್ಲಿ ತಂತ್ರಾಂಶದ ಭಾಗಗಳ ಪಟ್ಟಿಯ ಬಗ್ಗೆ, ಅಂದರೆ ಎಸ್‌ಬಿಒಎಂ ಬಗ್ಗೆ, ಮಾರ್ಗಸೂಚಿ ಹೊರಡಿಸಿದೆ. ಸರ್ಕಾರಿ ಕಚೇರಿಗೆ ಪ್ಯಾಕೇಜು ಕೊಡುವವರು ಇದನ್ನು ಈಗಲೇ ರೂಢಿ ಮಾಡಿಕೊಳ್ಳಲಿ. ಮೇಲೆ ಹೇಳಿದ ಫೋಲ್ಡರ್‌ಗಳಿದ್ದರೆ ಆ ಪಟ್ಟಿ ಅರ್ಧ ಆದಂತೆಯೇ.

ಬಾರ್‌ಕೋಡ್ ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಇವುಗಳ ಡ್ರೈವರ್ ಸೇರಿಸಬೇಕಾದರೆ ಮಾರಾಟಗಾರರಿಂದ ಇಮೇಲ್‌ನಲ್ಲಾದರೂ ಲಿಖಿತ ಒಪ್ಪಿಗೆ ಪಡೆದು ಅದೇ ಫೋಲ್ಡರಿನಲ್ಲಿಡಿ. 'ಹಾಕಿಕೊಳ್ಳಿ ಮಾರಾಯ್ರೆ, ಏನೂ ಆಗುವುದಿಲ್ಲ' ಎಂದು ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕಾಯ್ದೆಯ 30ನೇ ಕಲಮು ಲೈಸನ್ಸ್ ಬರಹದಲ್ಲಿರಬೇಕು ಎನ್ನುತ್ತದೆ.

ಗ್ರಾಹಕರ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಆದ ಜಾಗದಲ್ಲೇ ಲೈಸನ್ಸ್ ಫೋಲ್ಡರ್ ಬೀಳಬೇಕು, 'ನಮ್ಮ ಬಗ್ಗೆ' ಪರದೆಯಿಂದ ಅದು ತೆರೆಯಬೇಕು. ವೆಬ್ ತಂತ್ರದಿಂದ ಡೆಸ್ಕ್‌ಟಾಪ್ ಪ್ರೋಗ್ರಾಮು ಕಟ್ಟುವ ಎಲೆಕ್ಟ್ರಾನ್ ಬಳಸಿದ್ದರೆ ಕ್ರೋಮಿಯಂನ ಉದ್ದನೆಯ ಲೈಸನ್ಸ್ ಎಚ್‌ಟಿಎಂಎಲ್ ಫೈಲು ಅಲ್ಲೇ ಉಳಿದಿದೆಯೇ ನೋಡಿ, ಪ್ಯಾಕ್ ಮಾಡುವ ಸ್ಕ್ರಿಪ್ಟ್‌ಗಳು ಅದನ್ನು ಅಳಿಸಿರುವುದುಂಟು. ಕೊನೆಗೆ ವರ್ಚುವಲ್ ಮೆಷಿನ್‌ನಲ್ಲಿ ಹೊಸ ವಿಂಡೋಸ್ 10 ಹಾಕಿ, ನೆಟ್‌ವರ್ಕ್ ಅಡಾಪ್ಟರ್ ತೆಗೆದು, ಪೆನ್‌ಡ್ರೈವ್‌ನ ಸೆಟಪ್ ಒಮ್ಮೆ ಓಡಿಸಿ. ಒಂದು ಕನ್ನಡ ರಶೀದಿ ಮುದ್ರಿಸಿ, ಲೈಸನ್ಸ್ ಫೋಲ್ಡರ್ ತೆರೆದು ಅಲ್ಲಿರುವ ಹೆಸರುಗಳನ್ನು ಬಿಲ್ಡ್ ಫೋಲ್ಡರಿನ ಹೆಸರುಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ಒಂದು ಕಡಿಮೆ ಬಂದರೂ ಆ ಪೆನ್‌ಡ್ರೈವ್ ಕಚೇರಿಯಲ್ಲೇ ಇರಲಿ.